ಪೈಪಿನ ಕೊಕ್ಕರೆ ಮತ್ತು ನಮ್ಮ ಮಾವನವರು

ನಮ್ಮ ಮಾವನವರೊಂದಿಗೆ ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದೆ. ಅಷ್ಟು ವರ್ಷದಲ್ಲಿ ಅವರು ನನ್ನನ್ನು ನೇರವಾಗಿ ಮಾತಾಡಿಸಿರಲಿಲ್ಲ, ಒಂದೇ ಒಂದು ಸಲ ಬಿಟ್ಟರೆ ನಾನೂ ಅವರನ್ನು ಮಾತಾಡಿಸಿರಲಿಲ್ಲ. ನಮ್ಮಿಬ್ಬರಿಗೂ ಜಗಳವಿತ್ತೆಂದು ಯಾರೂ ತಿಳಿಯಬಾರದು. ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವುದಿಲ್ಲ ಎಂಬುದು ಅವರ ಮನೆತನದ ರೀತಿ. ನಮ್ಮ ಇಂಡಿ ಊರಲ್ಲೇ ಎಷ್ಟೋ ಮನೆಗಳಲ್ಲಿ ಈಗ ಸೊಸೆಯಂದಿರು ಮಾವನ ಪಕ್ಕದಲ್ಲೇ ಕುಳಿತು ಟಿವಿ ನೋಡುತ್ತಾರೆ. ನಮ್ಮ ಮನೆಗೆ ಆ ಗಾಳಿ ಬೀಸಲಿಲ್ಲ. ನಾನು ಸಿಂದಗಿ ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ತಪಾಸಣೆಗೆ ಬಂದ ಅಧಿಕಾರಿಗಳಿಗೆ ಎದುರುತ್ತರ ಕೊಟ್ಟು ನೋಟೀಸು ತಿಂದವಳು ನಾನು. ಸಂಜೆ ಬಸ್ಸಿಳಿದು ಮನೆಯ ಗೇಟು ತೆರೆದೆನೆಂದರೆ ಸೆರಗು ತಲೆಯ ಮೇಲೆ, ಬಾಯಿ ಬಂದ್.

ಮದುವೆಯಾದ ಹೊಸದರಲ್ಲಿ ಒಮ್ಮೆ ಈ ರೀತಿಯನ್ನು ಮುರಿಯಲು ಹೋಗಿದ್ದೆ. ಪಡಸಾಲೆಯಲ್ಲಿ ಅವರೊಬ್ಬರೇ ಕುಳಿತಿದ್ದರು. ‘ಚಾ ಮಾಡ್ಲೇನ್ರಿ?’ ಎಂದು ಕೇಳಿಬಿಟ್ಟೆ. ಮನುಷ್ಯ ಎದ್ದು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋದವರು ಊಟದ ಹೊತ್ತಿಗೇ ಬಂದದ್ದು. ಸಿಟ್ಟಾಯಿತೇನೋ ಎಂದು ನಾನು ಹೆದರಿದೆ. ‘ಸಿಟ್ಟಲ್ಲ ಬಿಡವಾ, ಅವ್ರಿಗೆ ನಾಚಿಕಿ’ ಎಂದು ಅತ್ತೆ ನಕ್ಕರು. ಆರಡಿ ಎತ್ತರದ, ಹುರಿಮೀಸೆಯ, ಹೋರಿಯ ಮೂಗುದಾರವನ್ನು ಬರಿಗೈಯಲ್ಲಿ ಹಿಡಿದು ನಿಲ್ಲಿಸುತ್ತಿದ್ದ ಮನುಷ್ಯನಿಗೆ ನನ್ನನ್ನು ಕಂಡರೆ ನಾಚಿಕೆ. ಅಲ್ಲಿಗೆ ನಾನು ಆ ಪ್ರಯತ್ನ ಬಿಟ್ಟೆ.

ಅತ್ತೆ ಇರುವವರೆಗೆ ತೊಂದರೆಯಾಗಲಿಲ್ಲ. ಮಾವನವರ ಮಾತನ್ನು ಅತ್ತೆ ಅಡುಗೆಮನೆಗೆ ತರುತ್ತಿದ್ದರು, ನನ್ನ ಮಾತನ್ನು ಪಡಸಾಲೆಗೆ ಒಯ್ಯುತ್ತಿದ್ದರು. ದಾರಿಯಲ್ಲಿ ಅದಕ್ಕೆ ಸ್ವಲ್ಪ ಬೆಲ್ಲವನ್ನೂ ಸೇರಿಸುತ್ತಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ನನ್ನ ಸಾರು ಮಾವನವರಿಗೆ ಬಹಳ ಇಷ್ಟವೆಂದೇ ನಾನು ನಂಬಿದ್ದೆ. ಅತ್ತೆ ತೀರಿಹೋದ ಮೇಲೆ ಮಾತು ಒಯ್ಯುವ ಕೆಲಸ ನಮ್ಮ ಮನೆಯವರ ಪಾಲಿಗೆ ಬಂತು. ಮನೆಯವರೋ ಪೈಪು ಮಾರುವವರು, ಒಂದು ತುದಿಯಲ್ಲಿ ಬಿದ್ದದ್ದು ಇನ್ನೊಂದು ತುದಿಯಲ್ಲಿ ಹಾಗೆಯೇ ಬರಬೇಕು ಎನ್ನುವವರು. ‘ಸಾರು ಹುಳಿ ಕಂಚ್ ಆಗೇತಿ, ಮದಲಿಂದಾನೂ ಹಿಂಗ ಐತಿ ಅಂದ ಅಪ್ಪ’ ಎಂದು ಮೊದಲ ದಿನವೇ ತಂದೊಪ್ಪಿಸಿದರು. ನನಗೆ ಸಾರಿನ ಮೇಲಿದ್ದ ಹೆಮ್ಮೆ ಆ ದಿನ ಹೋಯಿತು. ಅತ್ತೆಯ ಮೇಲೆ ಹೊಟ್ಟೆತುಂಬ ಪ್ರೀತಿ ಬಂತು, ಆದರೆ ಹೇಳಲು ಅವರಿರಲಿಲ್ಲ.

ಮನೆಯವರದು ಇಂಡಿಯಲ್ಲಿ ಹನಿ ನೀರಾವರಿಯ ಸಾಮಾನಿನ ಅಂಗಡಿ. ನಿಂಬೆ ತೋಟದವರು, ಕಬ್ಬಿನವರು, ಈಚೆಗೆ ದ್ರಾಕ್ಷಿಯವರು ಎಲ್ಲ ಬರುತ್ತಾರೆ. ಬೆಳಿಗ್ಗೆ ಹೋದವರು ಇವತ್ತು ನಿಡಗುಂದಿಯ ಕಡೆ, ನಾಳೆ ಲಚ್ಯಾಣದ ಕಡೆ ಎಂದು ಹೊಲ ಹೊಲ ತಿರುಗಿ ಪೈಪು ಜೋಡಿಸಿ ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಮಗಳು ಧಾರವಾಡದಲ್ಲಿ ಹಾಸ್ಟೆಲ್ಲಿನಲ್ಲಿದ್ದಾಳೆ. ಬೇಸಿಗೆ ರಜೆ ಬಂತೆಂದರೆ ಹಗಲಿಡೀ ಮನೆಯಲ್ಲಿ ಇಬ್ಬರೇ. ಮಾವನವರು ಪಡಸಾಲೆಯಲ್ಲಿ, ನಾನು ಒಳಗೆ. ಚಹಾದ ಕಪ್ಪನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು ಬಳೆ ಸದ್ದು ಮಾಡುತ್ತಿದ್ದೆ, ಅವರು ಕೆಮ್ಮುತ್ತಿದ್ದರು. ನಮ್ಮ ದಿನದ ಮಾತುಕತೆ ಅಷ್ಟಕ್ಕೇ ಮುಗಿಯುತ್ತಿತ್ತು.

ಇಂಥ ಒಂದು ರಜೆಯಲ್ಲಿ, ಮಾಡಲು ಕೆಲಸವಿಲ್ಲದೆ, ನಾನು ಪೈಪಿನ ತುಂಡುಗಳಿಗೆ ಕೈ ಹಾಕಿದೆ. ಹಿತ್ತಲಲ್ಲಿ ಅವು ರಾಶಿ ಬಿದ್ದಿದ್ದವು: ಗೇಣುದ್ದದವು, ಮೊಳದುದ್ದದವು, ಬೂದುಬಣ್ಣದವು, ಬಿಳಿಯವು. ಹೊಲದಲ್ಲಿ ಪೈಪು ಜೋಡಿಸುವವರು ಒಂದು ಪೈಪಿನ ಬಾಯನ್ನು ತೊಗರಿ ಕಟ್ಟಿಗೆಯ ಬೆಂಕಿಯ ಮೇಲೆ ತಿರುಗಿಸಿ ಮೆತ್ತಗೆ ಮಾಡಿ, ಅದರೊಳಗೆ ಇನ್ನೊಂದನ್ನು ತುರುಕುವುದನ್ನು ನೋಡಿದ್ದೆ. ಬಾಯಿ ಅಗಲವಾಗುವುದಾದರೆ ಮೈ ಬಗ್ಗುವುದೂ ಆದೀತು ಅನ್ನಿಸಿತು. ಮೊದಲ ತುಂಡು ಬಗ್ಗಿಸಿದಲ್ಲಿ ಚಪ್ಪಟೆಯಾಯಿತು. ಎರಡನೆಯದು ಕರಕಲಾಗಿ, ಅದರ ವಾಸನೆಗೆ ಕಣ್ಣು ಉರಿದು ಆ ದಿನ ಕೆಲಸ ಬಿಟ್ಟೆ. ಮೂರನೆಯದರೊಳಗೆ ಒಣಗಿದ ಮರಳು ತುಂಬಿ, ಎರಡೂ ಕಡೆ ಹಳೆಯ ಬಟ್ಟೆ ಗಿಡಿದು, ಜ್ವಾಲೆಗೆ ತಾಗದಂತೆ ಮೇಲೆ ಹಿಡಿದು ನಿಧಾನಕ್ಕೆ ತಿರುಗಿಸಿದೆ. ಮರಳು ಒಳಗಿದ್ದರೆ ಪೈಪು ಚಪ್ಪಟೆಯಾಗುವುದಿಲ್ಲ. ಹದಕ್ಕೆ ಬಂದಾಗ ಅದು ಕೈಗೆ ತಾನೇ ಹೇಳುತ್ತದೆ. ಬಗ್ಗಿಸಿ ಹಸಿ ಬಟ್ಟೆ ಸುತ್ತಿದೆ. ಕೊಕ್ಕರೆಯ ಕುತ್ತಿಗೆ ಸಿದ್ಧವಾಯಿತು.

ಮೈಗೆ ನಾಲ್ಕು ಇಂಚಿನ ಪೈಪು, ಕಾಲಿಗೆ ಅರ್ಧ ಇಂಚಿನದು. ರೆಕ್ಕೆಗೆ ಪೈಪನ್ನು ಉದ್ದಕ್ಕೆ ಸೀಳಿ, ಕಾಯಿಸಿ, ಎರಡು ಹಲಗೆಗಳ ನಡುವೆ ಒತ್ತಿದರೆ ಹಾಳೆಯಾಗುತ್ತದೆ. ಬೆಚ್ಚಗಿರುವಾಗಲೇ ಕತ್ತರಿಯಿಂದ ಗರಿ ಕತ್ತರಿಸಬೇಕು. ಕೊಕ್ಕರೆಯ ಕಣ್ಣಾಗಿ, ಗಿಡದ ಬುಡಕ್ಕೆ ಹನಿ ಬೀಳಿಸುವ ಕರಿಯ ಡ್ರಿಪ್ಪರುಗಳು. ಕಾಲುಗಳನ್ನು ಹಳೆಯ ಬಣ್ಣದ ಡಬ್ಬಿಯಲ್ಲಿ ನಿಲ್ಲಿಸಿ ಸಿಮೆಂಟು ತುಂಬಿದೆ. ಕೊಕ್ಕರೆಯನ್ನು ಮನೆಯ ಮುಂದಿನ ನಿಂಬೆ ಗಿಡದ ಪಕ್ಕ, ಪಡಸಾಲೆಯ ಕಟ್ಟೆಗೂ ಅಡುಗೆಮನೆಯ ಕಿಟಕಿಗೂ ಸರಿಯಾಗಿ ನಡುವೆ ಇಟ್ಟೆ. ಅದಕ್ಕೆ ಯಾವ ಉದ್ದೇಶವೂ ಇರಲಿಲ್ಲ, ಸಮತಟ್ಟಾದ ಜಾಗ ಅದೊಂದೇ ಇತ್ತು.

ನಾನು ಕಲಿಸುವ ವಿಷಯವನ್ನೇ ನಾನು ಮರೆತಿದ್ದೆ. ಕಾಯಿಸಿ ಬಗ್ಗಿಸಿದ ಪ್ಲಾಸ್ಟಿಕ್ಕು ಮತ್ತೆ ಬಿಸಿಯಾದರೆ ಮೊದಲಿದ್ದಂತೆ ನೆಟ್ಟಗಾಗಲು ನೋಡುತ್ತದೆ. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ಲ. ನೆಲ ನೋಡುತ್ತಿದ್ದ ಕೊಕ್ಕರೆ ವಾರದೊಳಗೆ ಗೇಟು ನೋಡತೊಡಗಿತು. ಮತ್ತೆರಡು ವಾರದಲ್ಲಿ ಅದರ ಕೊಕ್ಕು ಆಕಾಶಕ್ಕೆ ತಿರುಗಿತು. ಒಂದು ಮಧ್ಯಾಹ್ನ ನಾನು ಕಿಟಕಿಯ ಒಳಗೆ ಸಜ್ಜೆ ಹಸನು ಮಾಡುತ್ತಿದ್ದೆ. ಕಟ್ಟೆಯ ಮೇಲಿಂದ ಮಾವನವರ ದನಿ ಕೇಳಿಸಿತು.

‘ಮ್ಯಾಲ ಏನ್ ನೋಡಾಕತ್ತೀಯೋ? ಮಳಿ ಇನ್ನಾ ದೂರ ಐತಿ.’

ಯಾರು ಬಂದರೆಂದು ಬಗ್ಗಿ ನೋಡಿದೆ. ಯಾರೂ ಇಲ್ಲ. ಅವರು ಕೊಕ್ಕರೆಗೆ ಹೇಳುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ‘ಕುತ್ತಿಗ್ಯಾಗ ಒಂದ್ ಕಬ್ಬಣದ ಸರಳ ಹಾಕಿದ್ರ ನಿಂದ್ರತಿದ್ದಿ. ಮಾಡಿದವರಿಗೆ ಹೇಳಬೇಕಿತ್ತು ನೀ’ ಎಂದರು.

ಮಾಡಿದವಳು ಎರಡು ಮಾರು ದೂರದಲ್ಲಿ ಕಿಟಕಿಯೊಳಗಿದ್ದಾಳೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೊರ ಕೆಳಗಿಟ್ಟು ನಾನೂ ಕೊಕ್ಕರೆಯ ಕಡೆ ಮುಖ ಮಾಡಿದೆ. ‘ಸರಳ ಮನ್ಯಾಗ ಇಲ್ಲಂತ ಹೇಳು’ ಎಂದೆ. ಚಹಾ ಕೇಳಿದ ದಿನದಂತೆ ಎದ್ದು ಹೋಗಿಬಿಟ್ಟರೆ ಎಂಬ ಭಯವಿತ್ತು. ಅವರು ಎದ್ದು ಹೋಗಲಿಲ್ಲ. ‘ದನದ ಕೊಟಗ್ಯಾಗ ಹಳೇ ಛತ್ರಿ ಐತಿ, ಅದರ ಕಡ್ಡಿ ಆಕ್ಕೈತಿ ಅಂತ ತಿಳಸು’ ಎಂದು ಕೊಕ್ಕರೆಗೆ ಹೇಳಿ ಬೀಡಿ ಹಚ್ಚಿದರು.

ಅಂದಿನಿಂದ ಶುರುವಾಯಿತು. ‘ಏ ಕೊಕ್ಕರಿ, ಗುಳಗಿ ಮುಗದಾವಂತ ಹೇಳು’ ಎಂದು ಅವರು. ‘ಏ ಕೊಕ್ಕರಿ, ಉಣ್ಣಾಕ ಬರಬೇಕಂತ’ ಎಂದು ನಾನು. ‘ನಿನ್ನಿ ಪಲ್ಯಾ ಛಲೋ ಇತ್ತು, ಇವತ್ತಿಂದು ಸುಮಾರ ಐತಿ ಅನ್ನು.’ ಬೆಲ್ಲ ಸೇರಿಸದ ಮಾತು ಮೊದಮೊದಲು ಚುಚ್ಚುತ್ತಿತ್ತು, ಆಮೇಲೆ ರುಚಿ ಹತ್ತಿತು. ಪರಸ್ಪರ ಮುಖ ನೋಡದೆ, ಇಬ್ಬರೂ ಒಂದು ಪೈಪಿನ ಹಕ್ಕಿಯನ್ನು ನೋಡುತ್ತ, ಇಪ್ಪತ್ತೆರಡು ವರ್ಷದಲ್ಲಿ ಆಡದಷ್ಟನ್ನು ಎರಡು ತಿಂಗಳಲ್ಲಿ ಆಡಿದೆವು. ಅವರ ಹೊಲದಲ್ಲಿ ಹಿಂದೆ ಯಾವ ಹಕ್ಕಿಗಳು ಬರುತ್ತಿದ್ದವು, ಅತ್ತೆ ಸಿಟ್ಟಾದಾಗ ಎಲ್ಲಿ ಹೋಗಿ ಕೂರುತ್ತಿದ್ದರು, ನಾನು ಶಾಲೆಯಲ್ಲಿ ಏನು ಕಲಿಸುತ್ತೇನೆ, ಎಲ್ಲವೂ ಬಂತು. ನನಗೆ ಮಾವನವರ ಸ್ವಭಾವ ಗೊತ್ತಾದದ್ದೇ ಆಗ. ತಮಾಷೆಯ ಮನುಷ್ಯ ಅವರು. ಅಷ್ಟು ವರ್ಷ ಅದೆಲ್ಲ ಪಡಸಾಲೆಯ ಗೋಡೆಗಷ್ಟೇ ಕೇಳಿಸುತ್ತಿತ್ತೆಂದು ನೆನೆದು ಹೊಟ್ಟೆ ಉರಿಯಿತು.

ಅಷ್ಟರಲ್ಲಿ ನನ್ನ ಕೈಕೆಲಸಕ್ಕೂ ಸ್ವಲ್ಪ ಹೆಸರು ಬಂದಿತ್ತು. ಸಿಂದಗಿಯ ಗೆಳತಿಯೊಬ್ಬಳು ಶಾಲೆಯ ಅಂಗಳಕ್ಕೆ ಒಂದು ಜೋಡಿ ಚಿಗರೆ ಕೇಳಿದಳು. ಬಸವನ ಬಾಗೇವಾಡಿಯಲ್ಲಿ ಖಾನಾವಳಿ ಇಟ್ಟ ದೂರದ ಸಂಬಂಧಿಕರು ನವಿಲು ಬೇಕೆಂದರು. ಪ್ರತಿಯೊಂದನ್ನೂ ಮಾಡಿ ಅಂಗಳದಲ್ಲಿ ನಿಲ್ಲಿಸಿದಾಗ ಮಾವನವರ ಅಭಿಪ್ರಾಯ ಕೊಕ್ಕರೆಯ ಮೂಲಕ ತಲುಪುತ್ತಿತ್ತು. ‘ಚಿಗರಿ ಕಿವಿ ಕತ್ತಿ ಕಿವಿ ಆಗ್ಯಾವು.’ ‘ನವಲ ಉಂಡು ಮಲಗಿದಂಗ ಐತಿ, ಎದಿ ಮುಂದ ಬರಬೇಕು.’ ಬಯ್ಯುತ್ತ ಬಿಚ್ಚಿ ಮತ್ತೆ ಮಾಡುತ್ತಿದ್ದೆ. ಅವರು ಹೇಳಿದ್ದು ಪ್ರತಿ ಸಲ ಸರಿಯಾಗಿರುತ್ತಿತ್ತು, ಅದೇ ಇನ್ನೂ ಸಿಟ್ಟು ಬರಿಸುವ ಸಂಗತಿ.

ಮನೆಯವರು ಎದುರಿಗಿದ್ದಾಗ ಮಾತ್ರ ಮಾವನವರು ಕೊಕ್ಕರೆಯನ್ನು ಕರೆಯುತ್ತಿರಲಿಲ್ಲ. ಹೀಗೆ ವರ್ಷ ಕಳೆಯಿತು. ಮರುವರ್ಷದ ಬೇಸಿಗೆಯಲ್ಲಿ ಪಕ್ಕದ ಮನೆಯಾಕೆ ಮುದ್ದೇಬಿಹಾಳದ ಒಂದು ಮದುವೆಗೆ ಹೋದಳು. ಅಲ್ಲಿ ನನ್ನ ಮೈದುನ ಮತ್ತು ಅವನ ಹೆಂಡತಿ ಸಿಕ್ಕರು. ಮೈದುನ ಮುದ್ದೇಬಿಹಾಳದಲ್ಲೇ ಸರಕಾರಿ ಕಚೇರಿಯಲ್ಲಿದ್ದಾನೆ. ಒಳ್ಳೆಯವನು, ಸ್ವಲ್ಪ ಅವಸರದವನು. ಊಟಕ್ಕೆ ಕುಳಿತಾಗ ಪಕ್ಕದ ಮನೆಯಾಕೆ ಕಾಳಜಿಯಿಂದಲೇ ಹೇಳಿದಳಂತೆ: ‘ನಿಮ್ಮ ಅಪ್ಪಾರಿಗೆ ಯಾಕೋ ತಲಿ ಸರಿ ಇಲ್ರಿ. ದಿನಾ ಪ್ಲಾಸ್ಟಿಕ್ ಕೊಕ್ಕರಿ ಕೂಡ ಮಾತಾಡ್ತಾರು. ನಗತಾರು, ಬೈತಾರು. ನಾ ಕಂಪೌಂಡ್ ಮ್ಯಾಲಿಂದ ಕಣ್ಣಾರೆ ನೋಡೇನಿ.’ ಕಂಪೌಂಡಿನ ಮೇಲಿಂದ ಕಟ್ಟೆ ಕಾಣುತ್ತದೆ, ಕೊಕ್ಕರೆ ಕಾಣುತ್ತದೆ, ನನ್ನ ಕಿಟಕಿ ಕಾಣುವುದಿಲ್ಲ. ಆಕೆಯದೂ ತಪ್ಪಲ್ಲ.

ಮೈದುನ ಅಂದೇ ಅಣ್ಣನಿಗೆ ಫೋನು ಮಾಡಿದ. ಮನೆಯವರು ನನ್ನನ್ನು ಕೇಳಿದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ: ‘ಅವ್ರು ಕೊಕ್ಕರಿ ಕೂಡ ಅಲ್ರಿ, ನನ್ನ ಕೂಡ ಮಾತಾಡ್ತಾರು.’ ಅವರು ನನ್ನ ಮುಖವನ್ನೇ ನೋಡಿದರು. ‘ಅಪ್ಪಾ? ನಿನ್ನ ಕೂಡ?’ ಎಂದು ಜೋರಾಗಿ ನಕ್ಕರು. ನಾನು ಮಾವನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದೇನೆಂದು ತಿಳಿದರು. ಆ ಸಂಜೆ ಅಪ್ಪನ ಬಳಿ ಕುಳಿತು ಮೆಲ್ಲಗೆ ವಿಚಾರಿಸಿದರು. ‘ಅಪ್ಪಾ, ನೀ ದಿನಾ ಯಾರ ಕೂಡ ಮಾತಾಡ್ತಿ?’

ಮಾವನವರು ಏನು ಹೇಳಬೇಕಿತ್ತು? ಸೊಸೆಯ ಜೊತೆ ಎಂದು ಹೇಳಲು ಬಾಯಿ ಬರಲಿಲ್ಲ. ‘ನಾ ಯಾರ ಕೂಡ ಮಾತಾಡ್ಲೋ? ಸುಮ್ಮ ಕುಂತಿರ್ತೇನಿ’ ಎಂದರು. ಅಲ್ಲಿಗೆ ಕೆಲಸ ಕೆಟ್ಟಿತು. ಮಾತಾಡುವುದು ಒಂದು ರೋಗವಾಗಿತ್ತು, ಮಾತಾಡಿದ್ದು ನೆನಪಿಲ್ಲದಿರುವುದು ಇನ್ನೊಂದಾಯಿತು. ಅಣ್ಣತಮ್ಮಂದಿರು ಫೋನಿನಲ್ಲಿ ಮಾತಾಡಿ ತೀರ್ಮಾನಿಸಿದರು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮೈದುನ ಬಂದು, ಹಬ್ಬದ ಊಟ ಮುಗಿಸಿಕೊಂಡು ಅಪ್ಪನನ್ನು ಕರೆದೊಯ್ಯುವುದು, ವಿಜಯಪುರದಲ್ಲಿ ತಲೆಯ ಡಾಕ್ಟರಿಗೆ ತೋರಿಸುವುದು, ಆಮೇಲೆ ಮುದ್ದೇಬಿಹಾಳದಲ್ಲೇ ಇಟ್ಟುಕೊಳ್ಳುವುದು. ಅಲ್ಲಿ ಸಣ್ಣ ಮೊಮ್ಮಕ್ಕಳಿದ್ದಾರೆ, ಮಾತಿಗೆ ಜನ ಆಗುತ್ತದೆ ಎಂಬುದು ಅವರ ಲೆಕ್ಕ. ಮಾವನವರು ‘ಆತು’ ಎಂದರು. ನನ್ನನ್ನು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯೂ ಇರಲಿಲ್ಲ.

ಮರುದಿನದಿಂದ ಅವರು ಕೊಕ್ಕರೆಯ ಕಡೆ ಮುಖ ಹಾಕಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರತೊಡಗಿದರು. ನಾನು ಕಿಟಕಿಯಿಂದ, ‘ಇವತ್ತ ಪುಂಡಿಪಲ್ಯಾ ಮಾಡೇನಿ ಅಂತ ಹೇಳು’ ಎಂದೆ. ಅವರು ಕೆಮ್ಮಿದರಷ್ಟೇ. ಸ್ಟೂಲು, ಬಳೆ, ಕೆಮ್ಮು, ಮತ್ತೆ ಅಲ್ಲಿಗೇ ಬಂದೆವು. ಪಲ್ಯ ಉಪ್ಪಾಗಿದ್ದರೂ ಉಂಡರು. ಒಬ್ಬ ಮನುಷ್ಯ ತನ್ನ ಬುದ್ಧಿ ನೆಟ್ಟಗಿದೆ ಎಂದು ಸಾಬೀತು ಮಾಡಲು ಮೂಕನಾಗಿ ಕೂರಬೇಕಾಯಿತಲ್ಲ ಎಂದು ನನಗೆ ಸಂಕಟವಾಯಿತು.

ಅವರು ಹೋಗುವುದು ನನಗೆ ಬೇಡವಾಗಿತ್ತು. ಮೊದಲು ಹೊಳೆದ ಕಾರಣ ದೊಡ್ಡದೇನಲ್ಲ: ಹಿರಿ ಸೊಸೆ ಮಾವನನ್ನು ಹೊರಗೆ ಹಾಕಿದಳೆಂದು ಇಂಡಿಯ ನಾಲ್ಕು ಓಣಿ ಆಡಿಕೊಳ್ಳುತ್ತದೆ ಎಂಬ ಭಯ. ಎರಡನೆಯ ಕಾರಣ ಒಪ್ಪಿಕೊಳ್ಳಲು ಸ್ವಲ್ಪ ದಿನ ಹಿಡಿಯಿತು. ಆ ಮನುಷ್ಯನಿಲ್ಲದೆ ನನ್ನ ಹಗಲುಗಳು ಬಣಗುಡುತ್ತವೆ. ನನ್ನನ್ನು ಮುಲಾಜಿಲ್ಲದೆ ತಿದ್ದುವವರು ಈ ವಯಸ್ಸಿನಲ್ಲಿ ಇನ್ನು ಯಾರು ಸಿಗುತ್ತಾರೆ? ಹೋಗಬೇಡಿ ಎನ್ನಬೇಕಿತ್ತು. ಅನ್ನಲು ಅತ್ತೆ ಇಲ್ಲ, ಕೊಕ್ಕರೆಯೂ ಕೆಲಸಕ್ಕೆ ಬಾರದ್ದಾಯಿತು. ಮನೆಯವರ ಕೈಯಲ್ಲಿ ಹೇಳಿಸಿದರೆ ಅದು ಅವರ ಮಾತಾಗುತ್ತಿತ್ತು. ಹಾಗಾಗಿ ನಾನು ಪೈಪಿನ ಎತ್ತು ಮಾಡಲು ಕುಳಿತೆ.

ಟ್ರ್ಯಾಕ್ಟರು ಬಂದ ಮೇಲೆ ಮಾವನವರು ಮಾರಿದ ಕೊನೆಯ ಜೋಡಿಯ ಫೋಟೋ ಪಡಸಾಲೆಯಲ್ಲಿದೆ. ಬಿಳಿಯ ಕಿಲಾರಿ ಎತ್ತುಗಳು ಕೊಂಬಿಗೆ ಬಣ್ಣ ಹಚ್ಚಿಕೊಂಡು ಕ್ಯಾಮೆರಾದ ಕಡೆ ಮುಖ ಮಾಡಿ ನಿಂತಿವೆ. ಒಂದರ ಮುಖದ ಮೇಲೆ ಕರಿ ಮಚ್ಚೆ. ಇನ್ನೊಂದರ ಕೋಡಿನ ತುದಿ ಮುರಿದಿದೆ, ಆ ಎತ್ತು ನಾಲ್ಕು ಬೆರಳು ಎತ್ತರವೂ ಹೌದು. ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಅಂಗಡಿಯ ಗೋದಾಮಿನಲ್ಲಿ ಕೆಲಸ ಹಚ್ಚಿದೆ. ಶಾಲೆ ಶುರುವಾಗಿತ್ತು, ಸಂಜೆ ಬಸ್ಸಿಳಿದು ನೇರ ಅಲ್ಲಿಗೆ ಹೋಗುತ್ತಿದ್ದೆ. ಮೈಗೆ ಬೋರ್‌ವೆಲ್ಲಿಗೆ ಇಳಿಸುವ ದಪ್ಪ ಪೈಪು, ಕಾಲಿಗೆ ಎರಡೂವರೆ ಇಂಚಿನದು. ಕೋಡಿಗೆ ಪೈಪನ್ನು ಉದ್ದಕ್ಕೆ ಓರೆಯಾಗಿ ಸೀಳಿ, ಸುರುಳಿ ಸುತ್ತಿ ಚೂಪು ಮಾಡಿದೆ. ಒಂದೊಂದು ಕೋಡಿಗೆ ಮೂರು ದಿನ ಹಿಡಿಯಿತು. ಎತ್ತರದ ನಾಲ್ಕು ಬೆರಳಿನ ವ್ಯತ್ಯಾಸವನ್ನೂ ಬಿಡಲಿಲ್ಲ. ಸಾಗಿಸಲು ಅನುಕೂಲವಾಗಲೆಂದು ತಲೆಗಳನ್ನು ಮಾತ್ರ ಅಂಟಿಸದೆ ಕುತ್ತಿಗೆಗೆ ಸಿಗಿಸುವಂತೆ ಮಾಡಿದೆ. ಕಾಲುಗಳಿಗೆ ಬಕೆಟ್ಟಿನ ತುಂಬ ಸಿಮೆಂಟು. ಮನೆಯವರು ಬಂದು ನೋಡಿ, ‘ಅಪ್ಪ ಹೊಂಟ ನಿಂತಾಗ ಎತ್ತ ಯಾರಿಗೆ?’ ಎಂದರು. ನಾನು ಮುಂದಿನ ಕೋಡು ಕೈಗೆತ್ತಿಕೊಂಡೆ.

ಅಮಾವಾಸ್ಯೆಯ ಬೆಳಗಿನಲ್ಲಿ ಮಾವನವರು ಎಂದಿನಂತೆ ಎರೆಮಣ್ಣು ತಂದು ಪೂಜೆಯ ಪುಟ್ಟ ಎತ್ತುಗಳನ್ನು ಮಾಡಿದರು. ಕೈ ಒಂದಿಷ್ಟೂ ನಡುಗಲಿಲ್ಲ. ಜೋಳದ ಕಾಳನ್ನು ಅವುಗಳ ಕಣ್ಣಾಗಿ ಇಟ್ಟು ದೇವರ ಜಗಲಿಯ ಮೇಲೆ ಕೂರಿಸಿ ಸ್ನಾನಕ್ಕೆ ಹೋದರು. ಆ ಹೊತ್ತಿಗೆ ಸರಿಯಾಗಿ ಸಾಮಾನು ಸಾಗಿಸುವ ಟಂಟಂ ಗಾಡಿಯಲ್ಲಿ ನನ್ನ ಎತ್ತುಗಳು ಬಂದವು. ಹಮಾಲರು ಇಳಿಸಿದರು. ಕಟ್ಟೆಯ ಮೇಲೆ ಕುಳಿತವರಿಗೆ ಹಿಂದಿನಿಂದ ಕಾಣುವಂತೆ, ಹೊಲಕ್ಕೆ ಹೊರಟ ಜೋಡಿಯ ಹಾಗೆ, ಗೇಟಿನ ಕಡೆ ಮುಖ ಮಾಡಿಸಿ ನಿಲ್ಲಿಸಿದೆ. ಮೊಬೈಲಿನ ಫೋಟೋ ನೋಡಿಕೊಂಡು ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಎರಡೆರಡು ಸಲ ತಾಳೆ ಹಾಕಿದೆ. ಮೇಲೆ ತಾಡಪತ್ರಿ ಹೊದಿಸಿದೆ.

ಮೈದುನ, ಅವನ ಹೆಂಡತಿ ಹತ್ತು ಗಂಟೆಗೆ ಕಾರಿನಲ್ಲಿ ಬಂದರು. ಹೋಳಿಗೆಯ ಊಟವಾಯಿತು. ಮಾವನವರ ಬಟ್ಟೆ, ಗುಳಿಗೆ, ಇಷ್ಟಲಿಂಗ ಪೂಜೆಯ ಸಾಮಾನು ಎಲ್ಲ ಒಂದು ಬ್ಯಾಗಿನಲ್ಲಿ ಕಟ್ಟಿಟ್ಟಿದ್ದೆ. ಎಲ್ಲರೂ ಕಟ್ಟೆಯ ಮೇಲೆ ಕುಳಿತರು. ಪಕ್ಕದ ಮನೆಯಾಕೆ ಬೀಳ್ಕೊಡಲು ಬಂದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಮೈದುನ ಸಣ್ಣ ಮಗುವನ್ನು ಕೇಳುವ ದನಿಯಲ್ಲಿ, ‘ಅಪ್ಪಾ, ಇವತ್ತ ಯಾವ ವಾರ ಹೇಳು ನೋಡೋಣ’ ಎಂದ. ಮಾವನವರು ಟವೆಲ್ಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. ‘ಈಗ ಏನ್ ಉಂಡಿ, ನೆನಪೈತೇನು?’ ಎಂದು ಮತ್ತೆ ಕೇಳಿದ. ಅವರ ಗದ್ದ ಬಿಗಿಯಿತು. ನನಗೆ ತಡೆಯಲಾಗಲಿಲ್ಲ. ಹಿತ್ತಲಿಂದ ಸುತ್ತಿ ಬಂದು ಅಂಗಳಕ್ಕಿಳಿದು ತಾಡಪತ್ರಿ ಎಳೆದುಬಿಟ್ಟೆ.

ಮಾವನವರು ಎದ್ದರು. ಮೆಟ್ಟಿಲಿಳಿದು ಎತ್ತುಗಳ ಹಿಂದೆ ಬಂದು, ನೇಗಿಲು ಹಿಡಿದು ಗಳೆ ಹೊಡೆಯುವವನು ನಿಲ್ಲುವ ಜಾಗದಲ್ಲಿ ನಿಂತು, ಒಂದು ನಿಮಿಷ ನೋಡಿದರು. ಮುಂದೆ ಹೋಗಿ ಮುಖ ನೋಡಿದರು. ಮತ್ತೆ ಹಿಂದೆ ಬಂದರು. ಮುಖ ಕೆಂಪಾಯಿತು. ಕೊಕ್ಕರೆ ಅಲ್ಲೇ ಪಕ್ಕದಲ್ಲಿತ್ತು. ಅದರ ಕಡೆ ನೋಡಲೂ ಇಲ್ಲ. ನೇರ ನನ್ನ ಕಡೆ ತಿರುಗಿ, ನನ್ನ ಮುಖ ನೋಡಿ, ಗದರಿಸಿದರು:

‘ಎಡಕಿನ್ದು ಒಯ್ದು ಬಲಕ್ಕ ನಿಲ್ಸೀಯಲ್ಲ! ಮಚ್ಚಿ ಇದ್ದದ್ದು ಬಲಕಿನ ಎತ್ತು. ಹನ್ನೆರಡು ವರ್ಷ ಬಲಕ್ಕ ದುಡದೈತಿ ಅದು. ಎಡಕ್ಕ ಹೂಡಿದ್ರ ಒಂದ್ ಹೆಜ್ಜಿ ಇಡಂಗಿಲ್ಲ!’

‘ಫೋಟೋದಾಗ ಎಡಕ್ಕ ಐತಿ’ ಎಂದೆ. ನನ್ನ ಬಾಯಿಂದ ತಾನಾಗಿಯೇ ಬಂತು. ನನಗೂ ರೇಗಿತ್ತು, ವಾರಗಟ್ಟಲೆ ಕೈ ಸುಟ್ಟುಕೊಂಡಿದ್ದೆ.

‘ಫೋಟೋದಾಗ ಅವು ನಮ್ಮ ಕಡೆ ಮಾರಿ ಮಾಡ್ಯಾವು. ನೀ ಗೇಟಿನ ಕಡೆ ಮಾಡೀದಿ. ತಿರಗಿ ನಿಂತ್ರ ಎಡಾ ಬಲಾ ಬದ್ಲಿ ಆಗಂಗಿಲ್ಲೇನು? ಸಾಲ್ಯಾಗ ಏನ್ ಕಲಸ್ತೀ ನೀ?’

ಪ್ರತಿ ವರ್ಷ ಹೃದಯದ ಚಿತ್ರ ಬರೆದು, ಚಿತ್ರದ ಎಡ ನಿಮ್ಮ ಬಲ, ಮರೆಯಬೇಡಿರಿ ಎಂದು ಮಕ್ಕಳ ತಲೆ ತಿನ್ನುವವಳು ನಾನೇ. ಕಿವಿ ಬಿಸಿಯಾಯಿತು. ಆದರೂ ಸೋಲಲು ಮನಸ್ಸಿಲ್ಲ. ‘ತಲಿ ಬಿಚ್ಚಾಕ ಬರ್ತಾವ್ರಿ. ಅದರ ತಲಿ ಇದಕ್ಕ, ಇದರ ತಲಿ ಅದಕ್ಕ ಹಾಕಿದ್ರ ಮುಗೀತು’ ಎಂದೆ.

‘ಹುಚ್ಚ ಗಿಚ್ಚ ಹಿಡದೈತೇನು? ತಲಿ ಬದ್ಲಿ ಮಾಡಿದ್ರ ಎತ್ತ ಬದ್ಲಿ ಆಕ್ಕೈತಾ? ಎಡಕಿನ್ದು ನಾಕ ಬೆರಳ ಎತ್ತರ. ಅದರ ತಲಿ ಗಿಡ್ಡನ ಮೈಮ್ಯಾಲ ಕುಂದ್ರಸ್ತೀಯಾ?’ ಎಂದವರು ಥಟ್ಟನೆ ನಿಂತರು. ಬಗ್ಗಿ ಒಂದರ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ ಕೈ ಆಡಿಸಿದರು. ದನಿ ಇಳಿಯಿತು. ‘ಎತ್ತರ ಬರೋಬ್ಬರಿ ಮಾಡೀದಿ. ಕೋಡೂ ಹಂಗ ಅದಾವು.’

ಹುಚ್ಚು ಹಿಡಿದಿದೆಯೇ ಎಂದು ನನ್ನನ್ನು ಕೇಳಿದ ಮನುಷ್ಯನನ್ನು ಹುಚ್ಚರ ಡಾಕ್ಟರಿಗೆ ತೋರಿಸಲು ಬಂದವರು ಕಟ್ಟೆಯ ಮೇಲೆ ಬಾಯಿ ತೆರೆದು ಕುಳಿತಿದ್ದರು. ಪಕ್ಕದ ಮನೆಯಾಕೆ ಒಮ್ಮೆ ಕೊಕ್ಕರೆಯನ್ನು, ಒಮ್ಮೆ ಅಡುಗೆಮನೆಯ ಕಿಟಕಿಯನ್ನು, ಒಮ್ಮೆ ನನ್ನನ್ನು ನೋಡಿದಳು. ಸೆರಗು ಸರಿಮಾಡಿಕೊಂಡಳು. ನಮ್ಮ ಮನೆಯವರು ತಲೆ ಕೆರೆದುಕೊಂಡು ತಮ್ಮನಿಗೆ, ‘ಈಕಿ ಖರೇನ ಹೇಳಿದ್ಲಪಾ ನನಗ’ ಎಂದರು.

ಮುಂದಿನ ಅರ್ಧ ಗಂಟೆ ಮಾವನವರದೇ ರಾಜ್ಯ. ಇಬ್ಬರು ಗಂಡುಮಕ್ಕಳು ಪಂಚೆ ಪ್ಯಾಂಟು ಮೇಲಕ್ಕೇರಿಸಿ ಸಿಮೆಂಟಿನ ಬಕೆಟ್ಟು ಎತ್ತಿದರು. ‘ಎತ್ರಿ’, ‘ಇಳಸ್ರಿ’, ‘ಇನ್ನೂ ಒಂದ್ ಗೇಣು’ ಎಂದು ಅವರು, ‘ಕಾಲು ಹಿಡೀಬ್ಯಾಡ್ರಿ, ಮುರೀತಾವು’ ಎಂದು ನಾನು. ಮಚ್ಚೆಯದು ಬಲಕ್ಕೆ ಬಂತು, ಮುರುಕು ಕೋಡಿನದು ಎಡಕ್ಕೆ. ಹಿಂದೆ ನಿಂತು ನೋಡಿದಾಗ ನನಗೂ ತಿಳಿಯಿತು, ಈಗ ಅವು ನಡೆಯುವ ಜೋಡಿಯಾಗಿದ್ದವು. ಮೊದಲು ಪೈಪುಗಳಷ್ಟೇ ಆಗಿದ್ದವು.

ಮೈದುನ ಕೈ ತೊಳೆದುಕೊಂಡು ಬಂದ. ಬ್ಯಾಗು ಇನ್ನೂ ಬಾಗಿಲ ಬಳಿಯೇ ಇತ್ತು. ಅದನ್ನೊಮ್ಮೆ ನೋಡಿ, ಈ ಸಲ ದೊಡ್ಡವರ ಜೊತೆ ಮಾತಾಡುವ ದನಿಯಲ್ಲಿ ಕೇಳಿದ. ‘ಅಪ್ಪಾ, ಡಾಕ್ಟರ ವಿಷಯ ಬಿಡು. ಆದ್ರ ಮುದ್ದೇಬಿಹಾಳಕ್ಕ ಬರ್ತೀಯೋ, ಇಲ್ಲೇ ಇರ್ತೀಯೋ? ನಿನಗ ಬಿಟ್ಟದ್ದು.’

ಹಿರಿಯ ಮಗನ ಕಡೆ ನೋಡುತ್ತಾರೆಂದು ಎಲ್ಲರೂ ಅಂದುಕೊಂಡೆವು, ಮನೆ ನಡೆಸುವವರು ಅವರೇ. ಮಾವನವರು ನನ್ನ ಕಡೆ ನೋಡಿದರು. ಗದರಿಕೆ ಮುಗಿದಿತ್ತು, ನಾಚಿಕೆ ವಾಪಸು ಬಂದಿತ್ತು. ಟವೆಲ್ಲಿನಿಂದ ಸುಮ್ಮನೆ ಕುತ್ತಿಗೆ ಒರೆಸಿಕೊಂಡರು.

‘ನೀ ಏನಂತೀ?’ ಎಂದರು.

ಅಂಗಳವೆಲ್ಲ ನನ್ನತ್ತ ತಿರುಗಿತು. ಸಿಟ್ಟಿನಲ್ಲಿ ಬಂದ ಮಾತು ಬೇರೆ, ಇದು ಬೇರೆ. ಅವರನ್ನು ಏನೆಂದು ಕರೆಯಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ. ಕರೆಯುವ ಪ್ರಸಂಗವೇ ಬಂದಿರಲಿಲ್ಲವಲ್ಲ. ದನಿ ಹೊರಡಲಿಕ್ಕಿಲ್ಲವೆಂದು ಹೆದರಿ ಎಲ್ಲ ಬಲ ಹಾಕಿದೆ.

‘ಇರ್ರಿ, ಮಾವಾರ!’

ಓಣಿಯ ತುದಿಗೂ ಕೇಳಿಸಿರಬೇಕು. ನಿಂಬೆ ಗಿಡದಲ್ಲಿದ್ದ ಗುಬ್ಬಿಗಳು ಹಾರಿದವು. ಮಾವನವರು ಬಾಗಿಲ ಬಳಿ ಹೋಗಿ ಬ್ಯಾಗನ್ನು ತಾವೇ ಎತ್ತಿಕೊಂಡು ಒಳಗೆ ನಡೆದರು. ಹೊಸ್ತಿಲ ಮೇಲೆ ನಿಂತು ತಿರುಗಿದರು.

‘ಹಿಂಗ ಒದರಬ್ಯಾಡವಾ’ ಎಂದರು. ‘ನನಗ ಕಿವಿ ಛಲೋ ಅದಾವು. ಮದಲಿಂದಾನೂ ಎಲ್ಲಾ ಕೇಳಸ್ತೈತಿ.’